ಮೂರು ಚುಕ್ಕೆಯ ಅಂಚು

ತೆಳು ಸ್ಟೀಲ್ ತಗಡನ್ನು ಗ್ರೈಂಡರಿನಿಂದ ನೇರವಾಗಿ ಕೊಯ್ಯುವುದನ್ನು ಕಲಿಸಿದವರ ಮೇಲೆಯೇ ನಾನು ಆರು ವರ್ಷ ಹಗೆ ಇಟ್ಟುಕೊಂಡಿದ್ದೆ. ಅದು ತೀರಿದ ಬಗೆಯನ್ನು, ನನ್ನ ತಪ್ಪನ್ನೂ ಸೇರಿಸಿ, ನಡೆದ ಹಾಗೆ ಬರೆಯುತ್ತೇನೆ.

ಆಗ ಬೆಳಿಗ್ಗೆ ರಾಯಚೂರಿನ ಅವರ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನದ ಮೇಲೆ ಒಂದು ಜಿಲ್ಲಾ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಶೆಡ್ಡಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರದೊಂದು ರೂಢಿ ಇತ್ತು. ತಗಡಿನ ಮೇಲೆ ಗೆರೆ ಎಳೆದ ಮೇಲೆ, ಮಷಿನ್ ಚಾಲೂ ಮಾಡುವ ಮೊದಲು, ಕೆಳಕ್ಕೆ ಮಡಚುವ ಅಂಚಿನ ಒಳಮೈಗೆ ಮೊಳೆಯಿಂದ ಸಣ್ಣಗೆ ಮೂರು ಚುಕ್ಕೆ ಹೊಡೆಯುತ್ತಿದ್ದರು. ಚುಕ್ಕೆ ಬಿದ್ದ ತಗಡನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಕೊಯ್ಯುವುದು ಅವರೇ.

ಮಾನ್ವಿಯ ಒಬ್ಬ ರೈಸ್ ಮಿಲ್ ಸಾವ್ಕಾರರ ಮನೆಯ ಅಡುಗೆ ಕಟ್ಟೆಗೆ ಸ್ಟೀಲ್ ಹೊದಿಸುವ ಕೆಲಸ ಬಂತು. ಎರಡು ತಗಡು ನಡುವೆ ಕೂಡಬೇಕಿತ್ತು. ಉಸ್ತಾದ್ ಚುಕ್ಕೆ ಹೊಡೆದರು, ಮಷಿನ್ ಅತ್ತಿತ್ತ ಸರಿಯದಂತೆ ಗೆರೆಯ ಗುಂಟ ಕಬ್ಬಿಣದ ಆಂಗಲ್ ಪಟ್ಟಿ ಇಟ್ಟರು, ಆತುರದಲ್ಲಿ ಒಂದೇ ತುದಿಗೆ ಕ್ಲಾಂಪ್ ಬಿಗಿದು ಒಂದೇ ಉಸಿರಿಗೆ ಕೊಯ್ದರು. ಆಂಗಲ್ ಸರಿಯಿತು. ಕೂಡಿಸಿದಾಗ ನಟ್ಟನಡುವೆ ಬೆರಳು ತೂರುವಷ್ಟು ಸಂದು ಬಿತ್ತು.

ಸಾವ್ಕಾರರು ಬಗ್ಗಿ ನೋಡಿ, "ಯಾರ ಕೈಕೆಲಸರೀ ಇದು?" ಎಂದರು.

ನಾನು ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಉಸ್ತಾದ್ ನನ್ನ ಕಡೆ ಗದ್ದ ಎತ್ತಿದರು. "ಇವನದರೀ. ಪೇಪರ್‌ದಾಂವ. ಬರಿಯಾಕ ಬರ್ತದ, ಕೊಯ್ಯಾಕ ಬರಂಗಿಲ್ಲ."

ಮನೆಮಂದಿಯೆಲ್ಲ ನಕ್ಕರು. ಚುಕ್ಕೆಯ ಮಾತು ಆಗಲೇ ಎತ್ತಬಹುದಿತ್ತು. ಆದರೆ ಅದರ ಅರ್ಥ ಶೆಡ್ಡಿನ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದರೆ ನೆಪ ಎನ್ನುತ್ತಿದ್ದರು. ಮರುದಿನವೇ ಶೆಡ್ಡು ಬಿಟ್ಟೆ. ಸ್ವಂತ ಕೆಲಸ ಶುರು ಮಾಡಿದ ಮೇಲೂ ಮಾನ್ವಿಯಿಂದ ನನ್ನನ್ನು ಕರೆದದ್ದು ಕಬ್ಬಿಣದ ಗೇಟಿಗೆ ಮಾತ್ರ. ಸ್ಟೀಲ್ ಎಂದ ಕೂಡಲೇ, "ನೀ ಆ ಸೊಟ್ಟ ಗೆರಿಯಾಂವ ಅಲ್ಲೇನು?" ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಂದೇ: ಆ ಗೆರೆ ಉಸ್ತಾದರದು ಎಂಬುದು ಅದೇ ಸಾವ್ಕಾರರ ಎದುರು ಸಾಬೀತಾಗಬೇಕು.

ಹೋದ ವರ್ಷ ಅದೇ ಸಾವ್ಕಾರರು ದೇವದುರ್ಗದ ಕಡೆ ಜಾಲಹಳ್ಳಿಯಲ್ಲಿ ದಾಸೋಹದ ಅಡುಗೆಮನೆ ಕಟ್ಟಿಸಿದರು. ಉದ್ದನೆಯ ಕಟ್ಟೆ, ಶ್ರಾವಣದ ಮೊದಲ ಸೋಮವಾರದೊಳಗೆ ಮುಗಿಯಬೇಕು. ಒಬ್ಬರಿಂದ ಆಗದೆಂದು ಎಡಗಡೆ ಉಸ್ತಾದರಿಗೆ, ಬಲಗಡೆ ನನಗೆ ವಹಿಸಿದರು. "ಈ ಸಲ ನೆಟ್ಟಗ ಕೊಯ್ಯಪಾ," ಎಂದು ಸಾವ್ಕಾರರು ನನಗಷ್ಟೇ ಹೇಳಿದರು.

ನಾನು ತಗಡಿನ ಪ್ಲಾಸ್ಟಿಕ್ ಹಾಳೆ ಕೀಳದೆ, ಕೆಳಗೆ ಪ್ಲೈವುಡ್ ಕೊಟ್ಟು, ಅಲ್ಯುಮಿನಿಯಂ ಪಟ್ಟಿಗೆ ಎರಡೂ ತುದಿಯಲ್ಲಿ ಕ್ಲಾಂಪ್ ಬಿಗಿದೆ. ಮೊದಲ ಸಲ ಗ್ರೈಂಡರಿನ ಕೊಯ್ಯುವ ಚಕ್ರ ಬರೀ ಗೀರಿತು. ಒದ್ದೆ ಬಟ್ಟೆ ಒತ್ತಿ ಕಾವು ಇಳಿಸಿ ಮತ್ತೆ ಓಡಿಸಿದೆ. ಒಮ್ಮೆಗೇ ಒತ್ತಿದರೆ ತೆಳು ತಗಡು ಕಾದು ಅಲೆ ಎದ್ದುಬಿಡುತ್ತದೆ. ನಾಲ್ಕನೆಯ ಸಲಕ್ಕೆ ತುಂಡು ತಾನಾಗಿ ಕಳಚಿ ಬಿತ್ತು.

ಉಸ್ತಾದ್ ಅಷ್ಟರಲ್ಲಿ ಕಟ್ಟೆಯ ಕಾಲುಗಳಿಗೆ ಕಬ್ಬಿಣ ಕೊಯ್ದು ಮುಗಿಸಿದ್ದರು. ಕಬ್ಬಿಣ ಕಡಿದ ಚಕ್ರದಿಂದ ಸ್ಟೀಲ್ ಕೊಯ್ದರೆ ಕಬ್ಬಿಣದ ಪುಡಿ ಅಂಚಿನಲ್ಲಿ ಕೂರುತ್ತದೆ. ಉಪ್ಪು, ಹುಣಸೆ ನೀರು ತಾಗಿದರೆ ಅಲ್ಲಿಂದಲೇ ತುಕ್ಕು. ಅದನ್ನು ನನಗೆ ಹೇಳಿಕೊಟ್ಟವರೂ ಅವರೇ.

"ಹೊಸಾ ಚಕ್ರ ಅದ ಏನಲೇ ನಿನ್ನ ಕಡೆ?" ಎಂದು ಕೇಳಿದರು.

"ಇದ್ದದ್ದು ಒಂದ ರೀ. ಮಷಿನ್‌ನಾಗ ಅದ."

ಚೀಲದಲ್ಲಿ ಇನ್ನೂ ಎರಡು ಇದ್ದವು. ದೇವದುರ್ಗಕ್ಕೆ ಹೋಗಿ ತರಲು ಅವರಿಗೆ ಬೇಸರ. ಎಂದಿನಂತೆ ಮೂರು ಚುಕ್ಕೆ ಹೊಡೆದು, ಹಳೆಯದರಿಂದಲೇ ಕೊಯ್ದರು. ಗೆರೆ ನೇರವಾಗಿಯೇ ಬಂತು.

ಕೆಲಸ ಮುಗಿದ ಸಂಜೆ ಸಾವ್ಕಾರರು ಬಂದಾಗ ನಾನು ಕೇಳಿದೆ: "ಉಸ್ತಾದ್, ಆ ಮೂರು ಚುಕ್ಕಿ ಯಾಕ ಹೊಡಿತೀರಿ, ಸಾವ್ಕಾರ್ರಿಗೆ ಹೇಳ್ರಿ." ಈ ಮಾತು ಅವರ ಬಾಯಿಂದಲೇ ಬರಬೇಕಿತ್ತು. ಅವರು ಹಿಗ್ಗಿದರು.

"ಅದು ನನ್ನ ಗುರ್ತು ರೀ. ಇಪ್ಪತ್ತು ವರ್ಷದಿಂದ ಹೊಡ್ಯಾಕತ್ತೀನಿ. ಚುಕ್ಕಿ ಹೊಡದಿದ್ದಕ್ಕ ಮಂದಿ ಕೈ ಹಚ್ಚಂಗಿಲ್ಲ."

ನಾಲ್ಕು ವಾರಕ್ಕೆ ಸಾವ್ಕಾರರ ಫೋನ್ ಬಂತು. ಇಬ್ಬರೂ ಹೋದೆವು. ನಡುವಿನ ಕೂಡಿಕೆಯಲ್ಲಿ ಕಂದು ಗೆರೆ ಮೂಡಿತ್ತು. ಅಡುಗೆಯ ಅವ್ವ ಅದನ್ನು ಉಗುರಿನಿಂದ ಕೆರೆದು ತೋರಿಸಿದರು. "ಸ್ಟೀಲಿಗೆ ತುಕ್ಕು ಹಿಡಿತದೇನ್ರಿ? ನಮ್ಮ ಲಗ್ನದಾಗಿನ ತಾಟಿಗೂ ಹಿಡಿದಿಲ್ಲ."

"ಇದು ಯಾರ ಅಂಚು?" ಎಂದರು ಸಾವ್ಕಾರರು.

ಉಸ್ತಾದ್ ಮತ್ತೆ ನನ್ನ ಕಡೆ ಗದ್ದ ಎತ್ತಿದರು. "ಕೂಡೋ ಅಂಚು ಇವನ ಕೊಯ್ದಾನ್ರೀ."

ನಾನು ತುಕ್ಕು ಹಿಡಿದ ತಗಡನ್ನು ಕಳಚಿ ಮಗುಚಿದೆ. ಮೂರು ಚುಕ್ಕೆ. ಸಾವ್ಕಾರರು ಅವುಗಳ ಮೇಲೆ ಬೆರಳಾಡಿಸಿದರು.

"ನಿಮ್ಮ ಮನಿ ಕಟ್ಟಿನೂ ಒಮ್ಮೆ ನೋಡಸ್ರಿ," ಎಂದೆ. "ಆ ಸಂದಿನ ಬಾಜೂಕ, ಅಂಚಿನ ಕೆಳಗ."

ಅವರು ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಪಾತ್ರೆ ಸರಿಸಿದ ಸದ್ದು ಕೇಳಿತು. ಆಮೇಲೆ ಮನೆಯವರ ದನಿ: "ಕೈಗೆ ಹತ್ತತಾವ ನೋಡ್ರಿ. ಒಂದು, ಎರಡು... ಮೂರು ಅದಾವ. ಯಾಕ?"

ಸಾವ್ಕಾರರು ಫೋನ್ ಇಟ್ಟರು. ಉಸ್ತಾದರನ್ನು ನೋಡಿದರು. "ಅವತ್ತು ನಾವೆಲ್ಲ ನಕ್ಕಿದ್ವಿ," ಎಂದರು, ಅಷ್ಟೇ. ಆಮೇಲೆ ನನಗೆ, "ಇದನ್ನ ನೀನ ಸರಿ ಮಾಡು."

ತುಕ್ಕಿನ ಅಂಚನ್ನು ನಾಲ್ಕು ಬೆರಳಗಲ ಕೊಯ್ದು ಬೇರೆ ಸ್ಟೀಲ್ ತುಂಡು ಕೂಡಿಸಬೇಕಿತ್ತು. ಚೀಲದಿಂದ ಹೊಸ ಚಕ್ರ ತೆಗೆದೆ. ಕ್ಲಾಂಪ್ ಒಂದೇ ತೆಗೆದು ಅಲ್ಯುಮಿನಿಯಂ ಪಟ್ಟಿಯ ಒಂದು ತುದಿಗೆ ಬಿಗಿದೆ. ಇನ್ನೊಂದನ್ನು ಬೇಕೆಂದೇ ಚೀಲದಲ್ಲಿ ಬಿಟ್ಟೆ.

"ಆ ತುದಿ ಹಿಡೀರಿ, ಉಸ್ತಾದ್."

ಸಾವ್ಕಾರರು ನೋಡುತ್ತಿದ್ದರು. ಉಸ್ತಾದ್ ಮೊಣಕಾಲೂರಿ ಪಟ್ಟಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಚೀಲದಿಂದ ಬಂದ ಚಕ್ರವನ್ನು ನೋಡಿದ್ದರು.

"ಅವತ್ತು ಇತ್ತೇನಲೇ ಇದು?" ಎಂದು ಮೆಲ್ಲಗೆ ಕೇಳಿದರು.

"ಇತ್ತರಿ. ಎರಡು ಇದ್ದವು."

ಈಗ ಅವರು ಅದನ್ನು ಸಾವ್ಕಾರರಿಗೆ ಹೇಳಿದರೂ ನೆಪ ಎನ್ನುತ್ತಿದ್ದರು. ನಾಲ್ಕು ಸಲದಲ್ಲಿ ಮುಗಿಯುವ ಗೆರೆ ಅದು. ಪ್ರತಿ ಸಲವೂ ಒದ್ದೆ ಬಟ್ಟೆ ಒತ್ತಿ, ಕಾವು ಪೂರ್ತಿ ಆರುವ ತನಕ ಕಾದು, ಏಳು ಸಲ ಮಾಡಿದೆ. ಅಷ್ಟು ಹೊತ್ತೂ ಅವರು ಕಿಡಿಗೆ ಮುಖ ತಿರುಗಿಸಿ, ಪಟ್ಟಿಯನ್ನು ಅಲುಗದಂತೆ ಹಿಡಿದುಕೊಂಡಿದ್ದರು.