ಎರಡು ಚುಕ್ಕಿ, ಒಂದು ಬ್ರಾಕೆಟ್

ಹೋದ ವಾರ ಜಯನಗರದಲ್ಲಿ ಮೊಬೈಲಿಗೆ ಹೊಸ ಗ್ಲಾಸ್ ಹಾಕಿಸಲು ಹೋಗಿದ್ದೆ. ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹಳೆಯದೊಂದು ಚೈನಾ ಸೆಟ್ ಬಿದ್ದಿತ್ತು. ಬಂಗಾರದ ಬಣ್ಣ, ಹಿಂದೆ ನಾಲ್ಕು ಸ್ಪೀಕರ್. ಹಳೆಯ ಫೋನ್ ಅಂದರೆ ನನಗೆ ಹುಚ್ಚು, ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡಿಯೇ ಕಲಿತವಳು. ಆದರೆ ಅದನ್ನು ಮುಟ್ಟಲು ಕೈ ಬರಲಿಲ್ಲ. ನಮ್ಮ ಮೇಲಿನ ಮನೆಯ ಅಕ್ಕ ನೆನಪಾದಳು...

ಆಗ ನಾವು ಇಟ್ಟಮಡುವಿನಲ್ಲಿದ್ದೆವು, ನಾನು ಪಿಯುಸಿ. ಮಹಡಿಯ ಮೇಲಿನ ಶೀಟಿನ ಮನೆಗೆ ಅಕ್ಕ ಮತ್ತು ಅವಳ ಗಂಡ ಬಾಡಿಗೆಗೆ ಬಂದಿದ್ದರು. ಅವನು ಹೊಡೆಯುತ್ತಿದ್ದ. ಬೆಲ್ಟು, ಚೊಂಬು, ಕುಕ್ಕರಿನ ಮುಚ್ಚಳ, ಕೈಗೆ ಸಿಕ್ಕಿದ್ದರಲ್ಲಿ. ಒಮ್ಮೆ ಅವಳ ತಲೆಯನ್ನು ಗೋಡೆಗೆ ಚಚ್ಚಿದ್ದ. ಸುಣ್ಣದ ಮೇಲೆ ಉಳಿದ ಕಲೆ ಮುಚ್ಚಲು ಅವಳೇ ಕ್ಯಾಲೆಂಡರ್ ನೇತುಹಾಕಿದ್ದಳು.

ಅಕ್ಕನ ಹತ್ತಿರ ಒಂದು ಕಪ್ಪು-ಬಿಳುಪು ಫೋನಿತ್ತು. ಅವನು ದಿನವೂ ಕಿತ್ತುಕೊಂಡು ಮೆಸೇಜುಗಳನ್ನೆಲ್ಲ ಓದುತ್ತಿದ್ದ. ಅಳಿಸಿದ್ದರೆ ಅದಕ್ಕೂ ಏಟು. ನಾನು ಅವಳಿಗೆ ಎರಡು ಗುರುತು ಹೇಳಿಕೊಟ್ಟೆ. ಎರಡು ಚುಕ್ಕಿ ಒತ್ತಿ ಮುಚ್ಚುವ ಬ್ರಾಕೆಟ್ ಹಾಕಿದರೆ ನಗು, ತೆರೆಯುವ ಬ್ರಾಕೆಟ್ ಹಾಕಿದರೆ ಅಳು. ಅಕ್ಕ ತಲೆ ವಾಲಿಸಿ ನೋಡಿದಳು.

"ಅಯ್ಯೋ, ಹೌದಲ್ವೇನೇ! ಈ ಮೂತಿ ಥೇಟ್ ನಮ್ಮತ್ತೇದೇ!"

ಅಂದಿನಿಂದ ನಮ್ಮಮ್ಮನ ಫೋನಿಗೆ ಅಕ್ಕನಿಂದ ಇಂಗ್ಲಿಷ್ ಅಕ್ಷರದಲ್ಲಿ 'ಊಟ ಆಯ್ತಾ' ಎಂದು ಬರುತ್ತಿತ್ತು. ಕೊನೆಯಲ್ಲಿ ಅಳುವ ಗುರುತಿದ್ದರೆ ಅಮ್ಮ ಸ್ಟವ್ ಆರಿಸಿ, ಬಟ್ಟಲು ಹಿಡಿದು ಮೇಲೆ ಓಡುತ್ತಿದ್ದರು. ಹೆಪ್ಪಿಗೆ ಮೊಸರು ಕೇಳುವ ನೆಪ. ಅಮ್ಮ ಬಾಗಿಲಲ್ಲಿ ನಿಂತರೆ ಅವನ ಕೈ ಇಳಿಯುತ್ತಿತ್ತು.

"ಏನಾಂಟಿ, ನಿಮ್ಮನೇಲಿ ಹೆಪ್ಪಿಗೂ ಮೊಸರು ಮಿಗಲ್ವಾ?"

"ನಮ್ ಹುಡುಗೀರು ಪಾತ್ರೇನೂ ನೆಕ್ಕಿಬಿಡ್ತಾರೆ ಕಣಪ್ಪಾ" ಎನ್ನುತ್ತಾ ಅಮ್ಮ ಅಲ್ಲೇ ಕುಳಿತುಬಿಡುತ್ತಿದ್ದರು, ಅವನ ಅಮಲು ಇಳಿಯುವವರೆಗೆ.

ಒಂದು ಭಾನುವಾರ ಮಧ್ಯಾಹ್ನ ಅವನು ಚೈನಾ ಸೆಟ್ ತಂದ. ಅದಕ್ಕೆ ಎರಡು ಸಿಮ್ ಹಾಕಬಹುದಿತ್ತು, ಅಕ್ಕನ ಸಿಮ್ಮನ್ನೂ ಕಿತ್ತು ಹಾಕಿಕೊಂಡ. ಅವಳು ಕಳಿಸಿದ್ದ ಮೆಸೇಜೆಲ್ಲ ಸಿಮ್ಮಿನಲ್ಲೇ ಇದ್ದವು. ಹಳೆಯ ಫೋನಿನಲ್ಲಿ ಅವನಿಗೆ ಬರೀ ಚುಕ್ಕಿಯಾಗಿ ಕಂಡಿದ್ದನ್ನು ಈ ಸೆಟ್ಟು ತಾನಾಗಿಯೇ ಚಿತ್ರ ಮಾಡಿ ತೋರಿಸಿತು. ಒಂದೊಂದು 'ಊಟ ಆಯ್ತಾ' ಪಕ್ಕದಲ್ಲೂ ಮೂತಿ ಇಳಿಬಿಟ್ಟ ಒಂದು ಹಳದಿ ಮುಖ...

ನಾಲ್ಕು ಸ್ಪೀಕರಿನಲ್ಲಿ ಜೋರಾಗಿ ಹಾಡು ಹಾಕಿ ಅವನು ಶುರು ಮಾಡಿದ. ಕೆಳಗೆ ನಾವು ಹೊಸ ಸೆಟ್ಟಿನ ಜಂಬ ಅಂದುಕೊಂಡೆವು. ಅಕ್ಕನಿಂದ ಮೆಸೇಜು ಬರಲಿಲ್ಲ, ಬರುವುದಾದರೂ ಹೇಗೆ? ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಅವನ ಕೂಗು ಕೇಳಿತು.

"ಏನೇ ಇವು, ಸಾಲಾಗ್ ಅಳ್ತಾ ಕೂತವೆ? ಆ ಆಂಟಿಗೆ ಚಾಡಿ ಹೇಳ್ತೀಯೇನೇ?"

ಅಮ್ಮ ಈ ಸಲ ಬಟ್ಟಲು ತೆಗೆದುಕೊಳ್ಳಲಿಲ್ಲ. ಗುಂಡುಕಲ್ಲು ಎತ್ತಿಕೊಂಡರು. ಅದರಲ್ಲೇ ಚಿಲಕ ಒಡೆದು ಒಳಗೆ ನುಗ್ಗಿದಾಗ ಅಕ್ಕನ ದವಡೆ ಒಂದು ಕಡೆಗೆ ಜಾರಿತ್ತು. ನೆಲದ ಮೇಲೆ ರಕ್ತ, ರಕ್ತದಲ್ಲಿ ಹಲ್ಲು. ಅವನು ಇನ್ನೂ ಒದೆಯುತ್ತಲೇ ಇದ್ದ. ಅಮ್ಮ ಅವನ ಮೊಣಕೈಗೆ ಬೀಸಿದರು. ಮೂಳೆ ಮುರಿದ ಸದ್ದು ಆ ಹಾಡಿನ ಗದ್ದಲದಲ್ಲೂ ನನಗೆ ಕೇಳಿತು.

ಆಸ್ಪತ್ರೆಯಲ್ಲಿ ಅವನು ಮುರಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, "ಬಾತ್‌ರೂಮಲ್ಲಿ ಜಾರ್ ಬಿದ್ಲು ಸಾರ್" ಎಂದ. ಪೊಲೀಸಿನವರು ಅಕ್ಕನ ಕಡೆ ತಿರುಗಿದರು. ದವಡೆಗೆ ಪಟ್ಟಿ ಬಿಗಿದಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಅವಳು ಅಮ್ಮನ ಫೋನಿಗೆ ಕೈ ಚಾಚಿದಳು. ಊದಿದ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. 'ಬೀಳಲಿಲ್ಲ. ಗಂಡ ಹೊಡೆದ. ದಿನಾ ಹೊಡೀತಾನೆ.' ಅದರ ಮುಂದೆ ಯಾವ ಗುರುತೂ ಇರಲಿಲ್ಲ.

ಅವನನ್ನು ಎಳೆದೊಯ್ದರು. ಅಕ್ಕನನ್ನು ತವರಿನವರು ಆಸ್ಪತ್ರೆಯಿಂದಲೇ, ಅವನಿಗೆ ಗೊತ್ತಿಲ್ಲದ ಊರಿಗೆ, ಕರೆದುಕೊಂಡು ಹೋದರು. ಮುಂದೆ ಅವನು ಬಂದು ಜಬರಿಸಿದರೂ ನಮ್ಮ ಬಾಯಿಂದ ಬರಬಾರದು ಎಂದು, ಎಲ್ಲಿಗೆ ಅಂತ ಅಮ್ಮ ಕೇಳಲಿಲ್ಲ...

ಈಗ ಜೆ.ಪಿ. ನಗರದಲ್ಲಿರುವ ನನ್ನ ತಂಗಿ ಹಾಲು ಉಕ್ಕಿದರೂ ಅಮ್ಮನಿಗೆ ಸಾಲು ಸಾಲು ಅಳುವ ಮುಖ ಕಳಿಸುತ್ತಾಳೆ. ಅಮ್ಮ ತಕ್ಷಣ ಕಾಲ್ ಮಾಡುತ್ತಾರೆ.

"ಅಯ್ಯೋ ಅಮ್ಮಾ, ತಮಾಷೆಗ್ ಹಾಕಿದ್ದು!"

"ಇರ್ಲಿ. ಬಾಯ್ಬಿಟ್ಟು ಹೇಳು, ಚೆನ್ನಾಗಿದೀಯಾ?"

ದನಿ ಕೇಳಿದ ಮೇಲೆಯೇ ಫೋನ್ ಇಡುತ್ತಾರೆ. ಅಕ್ಕನ ದನಿಯನ್ನು ಮಾತ್ರ ಆ ಭಾನುವಾರದಿಂದ ಈಚೆಗೆ ನಾವು ಕೇಳಲೇ ಇಲ್ಲ.