ಸಣ್ಣಕ್ಷರ ಓದುವಾಕೆ

ಅಮ್ಮತ್ತಿ ಪೇಟೆಯ ಮೆಡಿಕಲ್ ಶಾಪಿನ ಆಕೆ ಯಾವ ಡಬ್ಬ ಕೈಗೆ ಬಂದರೂ ಕನ್ನಡಕವನ್ನು ಹಣೆಗೇರಿಸಿ, ಅದನ್ನು ಮೂಗಿನ ಹತ್ತಿರ ಹಿಡಿದು, "ಸಣ್ಣಕ್ಷರ ಮೊದ್ಲು ಓದುವ" ಎನ್ನುತ್ತಿದ್ದರು. ಎದುರಿಗೆ ಎಷ್ಟು ಜನ ಕಾದು ನಿಂತರೂ ಅವರಿಗೆ ಅವಸರವಿರಲಿಲ್ಲ.

ಒಂದು ಬುಧವಾರ ನನ್ನ ಅಮ್ಮ ಅವರ ಮುಂದೆ ಕೊಲಾಜನ್ ಪುಡಿಯ ಡಬ್ಬ ಇಟ್ಟಳು. ಮುಖದ ಸುಕ್ಕು ಹೋಗಲೆಂದು ನನ್ನ ತಂಗಿ ಕಳಿಸಿದ್ದು. ಹಾಲಿಗೆ ಎಷ್ಟು ಚಮಚ ಹಾಕಬೇಕೆಂದು ಅಮ್ಮ ಕೇಳಿದಳು. ನಮ್ಮದು ಅರ್ಚಕರ ಮನೆ. ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಆಕೆ ಓದಿದರು, ಇನ್ನೊಮ್ಮೆ ಓದಿದರು.

"ಅಮ್ಮಾ, ಇದು ಮೀನಿನ ಚರ್ಮದಿಂದ ತೆಗ್ದದ್ದು. ಕುಡಿಲಿಕ್ಕೆ ಶುರು ಮಾಡಿದ್ರಾ?"

ಅಮ್ಮನ ಮುಖ ಬಿಳಿಚಿತು. "ಇಲ್ಲಪ್ಪ. ನಿನ್ನೆಯಷ್ಟೇ ಬಂತು. ಮಂಗಳವಾರ ಹೊಸದು ಶುರು ಮಾಡ್ಬಾರ್ದು ಅಂತ ಸೀಲೂ ಒಡೀಲಿಲ್ಲ."

ಆಕೆ ನಗಲಿಲ್ಲ. ಅಮ್ಮ ಕೇಳುವ ಮೊದಲೇ, ಡಬ್ಬ ಮುಟ್ಟಿದ ಕೈ ತೊಳೆಯಲೆಂದು ತಮ್ಮ ಬಾಟಲಿಯಿಂದ ಅವಳಿಗೆ ನೀರು ಹುಯ್ದರು. "ಡಬ್ಬ ಇಲ್ಲೇ ಇರ್ಲಿ. ನಂಗೆ ಮೀನು ಆಗ್ತದೆ."

ಆಮೇಲೆ ಬಿಪಿ ಮಾತ್ರೆಗೆ ಹೋದಾಗಲೆಲ್ಲ ಅಮ್ಮ ಆಕೆಯ ಕೆನ್ನೆಯನ್ನೇ ನೋಡುತ್ತಿದ್ದಳು. ಮೂರನೆಯ ತಿಂಗಳು ಅಂಗಡಿಯ ಮೆಟ್ಟಿಲಿಳಿದವಳೇ ನೆಮ್ಮದಿಯ ಉಸಿರು ಬಿಟ್ಟಳು.

"ಸದ್ಯ! ಅವ್ರ ಸುಕ್ಕೂ ಹಾಗೇ ಇದೆ."