ಮಾವ ಮುಚ್ಚಿದ ಸಂದು

ನನ್ನ ಸೋದರಮಾವ ಹಲ್ಲು ಕಟ್ಟುವವನು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ಇವನು ಕಿಟಕಿ ಪಕ್ಕ ಕೂತು ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಾನೆ. ಇಷ್ಟು ಜನರಿಗೆ ಹಲ್ಲು ಕಟ್ಟಿದವನ ಬಾಯಲ್ಲೇ, ಮುಂದಿನೆರಡು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು.

ಅದು ಅಜ್ಜಿಯ ಆಸ್ತಿ. ಅವಳಪ್ಪನಿಂದ ಅವಳಿಗೆ, ಅವಳಿಂದ ಮಾವನಿಗೂ ನನ್ನಮ್ಮನಿಗೂ ಬಂತು. ನನಗೆ ಬರಲಿಲ್ಲ. ನನ್ನವು ಅಪ್ಪನ ಕಡೆಯ ಹಲ್ಲು, ಒತ್ತಾಗಿ ಕೂತಿವೆ. "ಇವಳು ನಮ್ಮೋಳಲ್ಲ ಬಿಡು" ಎಂದು ಅಜ್ಜಿ ರೇಗಿಸಿದರೆ ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಅಮ್ಮನಿಗೋ ಆ ಸಂದು ಕಂಡರಾಗದು. ಶಾಲೆಯಲ್ಲಿ 'ಗೇಟು' ಅಂತ ಕರೆಸಿಕೊಂಡವಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕವಳೇ ಅಲ್ಲ.

ಅಜ್ಜಿಗೆ ಅರಳುಮರಳು ಶುರುವಾದಾಗ ಹೆಸರುಗಳು ಹೋದವು, ಮುಖಗಳೂ ಹೋದವು. ಸಂದೊಂದು ಉಳಿಯಿತು. ಮಂಚದ ಹತ್ತಿರ ಯಾರು ಬಂದರೂ, "ಎಲ್ಲಿ, ಈ... ಅನ್ನು, ಹಲ್ಲು ನೋಡೋಣ." ಸಂದಿದ್ದರೆ ತನ್ನವರು, ಅವರ ಕೈತುತ್ತು ಮಾತ್ರ ತಿನ್ನುವಳು. ನಾನು ತಟ್ಟೆ ಹಿಡಿದು ಹೋದರೆ ತುಟಿ ಬಿಗಿ. ಹೊಟ್ಟೆ ಉರಿಯುತ್ತಿತ್ತು ನನಗೆ.

ಅಷ್ಟರಲ್ಲಿ ಅಮ್ಮನ ಒಸಡು ಕೆಟ್ಟು ಮೇಲಿನ ಹಲ್ಲೆಲ್ಲ ಕೀಳಿಸಬೇಕಾಯಿತು. ಹೆದರಿಕೊಂಡೇ ಅಜ್ಜಿಗೆ ಬಾಯಿ ತೋರಿಸಿದಳು. ಅಜ್ಜಿ ಕೆನ್ನೆ ಸವರಿದಳು.

"ಹಾಲುಹಲ್ಲು ಬಿತ್ತಾ ಪುಟ್ಟಿ? ಅಳ್ಬೇಡ. ಹೊಸದು ಬರುತ್ತೆ, ನನ್ನ ಹಾಗೇ ಬರುತ್ತೆ."

ಅಮ್ಮನ ಹಲ್ಲಿನ ಸೆಟ್ಟು ಮಾವನೇ ಮಾಡಿದ. ಸಂದಿಲ್ಲದೆ ಮಾಡಿದ. ಅಜ್ಜಿಯ ಪರೀಕ್ಷೆ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೇಣ ಕೈಗೆತ್ತಿಕೊಂಡಾಗ ಅವನ ಕಣ್ಣ ಮುಂದಿದ್ದವಳು ಬಾಯಿ ಮುಚ್ಚಿಕೊಂಡು ನಗುವ ಅಕ್ಕ.

"ತಗೋ ಅಕ್ಕ, ಇನ್ಮೇಲೆ ಕೈ ಅಡ್ಡ ಇಡ್ಬೇಡ."

ಅಮ್ಮ ಕನ್ನಡಿ ನೋಡಿಕೊಂಡು ಬಾಯ್ತುಂಬ ನಕ್ಕಳು. ಹಾಗೆ ನಕ್ಕ ಅಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ನಗುತ್ತಲೇ ಅಜ್ಜಿಯ ಬಳಿ ಓಡಿದಳು.

"ಯಾರಮ್ಮಾ ನೀನು? ನನ್ನ ಮಗಳನ್ನ ಏನ್ಮಾಡ್ದೆ?"

ಅಮ್ಮ ಗಾಬರಿಯಾಗಿ ಸೆಟ್ಟನ್ನೇ ಕಿತ್ತು ತೆಗೆದಳು. ಕೈಯಲ್ಲಿ ಹಲ್ಲು ಕಂಡು ಅಜ್ಜಿ ಕಿರುಚಿ ಗೋಡೆ ಕಡೆ ತಿರುಗಿದಳು. ಆಮೇಲೆ ಅಮ್ಮ ಬೋಳು ಬಾಯಲ್ಲಿ ಎಷ್ಟು ಗೋಗರೆದರೂ ಒಂದು ತುತ್ತು ಮುಟ್ಟಲಿಲ್ಲ.

"ಊರವರ ಬಾಯೆಲ್ಲ ನೋಡ್ತೀಯ ಮಾವ, ನಿಮ್ಮಮ್ಮನ ಬಾಯಿ ಮರೆತೆಯಾ?" ಎಂದು ನಾನು ಹರಿಹಾಯ್ದೆ. ಮಾವ ಕೆಲಸ ಬಿಟ್ಟು ದಿನಾ ಬಂದು ತಾನೇ ಉಣಿಸಿದ. ಅವನ ಕೈತುತ್ತು ನುಂಗುತ್ತಾ ಅಜ್ಜಿಯದು ಒಂದೇ ಮಾತು: "ನನ್ನ ಮಗಳೆಲ್ಲೋ? ಕರ್ಕೊಂಡು ಬಾರೋ." ಪಕ್ಕದಲ್ಲೇ ಅಮ್ಮ ನಿಂತಿರುತ್ತಿದ್ದಳು. ಅಯ್ಯೋ, ಆ ಮುಖ ಯಾರಿಗೂ ಬೇಡ.

ಮಾವ ಹೊಸ ಮೇಣ ತೆಗೆದ. ಕನ್ನಡಿಯಲ್ಲಿ ತನ್ನದೇ ಸಂದು ನೋಡಿಕೊಂಡು ಹಲ್ಲು ಕೂರಿಸಿದ. ಪಾಲಿಶ್ ಮುಗಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅಜ್ಜಿ ಬೆಳಗ್ಗೆಯೇ ಹೋಗಿದ್ದಳು.

ಅಮ್ಮ ಅವನ ಕೈಯಿಂದ ಸೆಟ್ಟು ತೆಗೆದುಕೊಂಡು ಹಾಕಿಕೊಂಡಳು. ಅಜ್ಜಿಯ ಮುಖದ ಮೇಲೆ ಬಗ್ಗಿದಳು. ಕೈ ಅಡ್ಡ ಹಿಡಿಯಲಿಲ್ಲ. ಯಾರೋ "ನಗ್ತಿದಾಳಲ್ಲ" ಎಂದು ಪಿಸುಗುಟ್ಟಿದರು.

"ಈ... ನೋಡಮ್ಮ," ಎಂದಳು ಅಮ್ಮ. "ಹೊಸದು ಬಂತು. ನಿನ್ನ ಹಾಗೇ ಬಂತು."